ಗಾಳಿಯ ಸಾಕ್ಷ್ಯ ಗಟ್ಟಿಯಾಗಿರಲಿ

ಹೂಮಳೆ ಬಿದ್ದು ಎಂಟು ಹತ್ತು ದಿನಗಳಲ್ಲಿ ಕೊಡಗಿನ ಕಾಫಿ ತೋಟಗಳಿಂದ ಹೊಮ್ಮುವ ಘಮ, ಪೆಟ್ರೋಲ್ ಬಂಕಿನ ವಾಸನೆ, ಪಟ್ಟಣದಂಚಿನಲ್ಲಿ ಪ್ಲಾಸ್ಟಿಕ್ ಕಸ ಸುಟ್ಟಾಗಿನ ಕಮಟು ಇವು ಮೂರೂ ರಸಾಯನಶಾಸ್ತ್ರದ ಲೆಕ್ಕದಲ್ಲಿ ಒಂದೇ ಬಳಗ. ಸಾಮಾನ್ಯ ತಾಪದಲ್ಲಿಯೇ ಆವಿಯಾಗಿ ಗಾಳಿ ಸೇರುವ ಇಂಗಾಲಯುಕ್ತ ವಸ್ತುಗಳಿಗೆ ಬಾಷ್ಪಶೀಲ ಸಾವಯವ ಸಂಯುಕ್ತಗಳೆಂದು ಹೆಸರು. ಇವುಗಳಲ್ಲಿ ಹಲವು ನಿರುಪದ್ರವಿಗಳು. ಬೆಂಜೀನ್ ಮಾತ್ರ ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲ ವಿಷ.

ಚಳಿಗಾಲದ ರಾತ್ರಿಗಳಲ್ಲಿ ತಂಪು ಗಾಳಿ ಕಣಿವೆಗಿಳಿದು ನಿಂತಾಗ ಹೊಗೆಯೂ ಅಲ್ಲಿಯೇ ತಂಗುತ್ತದೆ. ಅದರಲ್ಲೇನಿದೆಯೆಂದು ತಿಳಿಯುವ ಹಕ್ಕು ಅದನ್ನು ಉಸಿರಾಡುವವರಿಗಿದೆ. ಆದರೆ ಅಳೆಯಹೊರಟವರು ಅಗ್ಗದ ಉಪಕರಣಕ್ಕೆ ಮೊದಲು ಕೈಚಾಚಿದರೆ ಲಾಭವಾಗುವುದು ಮಾಲಿನ್ಯ ಮಾಡುವವರಿಗೆ.

ಕಾರಣ ಸರಳ. 2009ರ ನವೆಂಬರಿನಲ್ಲಿ ಪ್ರಕಟವಾದ ರಾಷ್ಟ್ರೀಯ ವಾಯು ಗುಣಮಟ್ಟ ಮಾನಕದಂತೆ ಬೆಂಜೀನಿನ ವಾರ್ಷಿಕ ಸರಾಸರಿ ಒಂದು ಘನ ಮೀಟರ್ ಗಾಳಿಯಲ್ಲಿ 5 ಮೈಕ್ರೋಗ್ರಾಂ ಮೀರಬಾರದು. ಇದು ನೂರು ಕೋಟಿಯಲ್ಲಿ ಸುಮಾರು ಒಂದೂವರೆ ಭಾಗ. ಕೈಯಲ್ಲಿ ಹಿಡಿಯುವ ಸಾಮಾನ್ಯ ಮಾಪಕಗಳು ಗುರುತಿಸುವ ಅತಿ ಸಣ್ಣ ಪ್ರಮಾಣವೇ ಹತ್ತು ಲಕ್ಷದಲ್ಲಿ 0.1 ಭಾಗ. ಅಂದರೆ ಮಿತಿಯ ಐವತ್ತು ಪಟ್ಟು ಬೆಂಜೀನ್ ಇದ್ದರೂ ಅವು ಸೊನ್ನೆ ತೋರಿಸಬಹುದು. ಆ ಸೊನ್ನೆ ನಾಳೆ ‘ಗಾಳಿ ಶುದ್ಧ’ ಎಂಬ ಪ್ರಮಾಣಪತ್ರವಾಗುತ್ತದೆ.

ಹೆಚ್ಚು ಸೂಕ್ಷ್ಮವಾದ ಮಾಪಕಗಳೂ ಉಂಟು. ಅವು ಒಟ್ಟು ಮೊತ್ತ ಹೇಳುತ್ತವೆಯೇ ಹೊರತು ಹೆಸರು ಹೇಳುವುದಿಲ್ಲ. ಬಿಸಿಲಿನಲ್ಲಿ ಕಾಡಿನ ಮರಗಳೇ ಹೊರಬಿಡುವ ಐಸೋಪ್ರೀನ್ ಕೂಡ ಆ ಲೆಕ್ಕದೊಳಗೆ ಸೇರುತ್ತದೆ. ‘ಇದು ಮರಗಳದ್ದು’ ಎಂದು ಎದುರಾಳಿ ವಾದಿಸಿದರೆ ಅಂಥ ಅಂಕಿಯ ಬಳಿ ಉತ್ತರವಿರುವುದಿಲ್ಲ. ಮಳೆನಾಡಿನ ತೇವವೂ ಅದರ ಅಳತೆಯನ್ನು ಏರುಪೇರು ಮಾಡುತ್ತದೆ. ಹೊಗೆಯ ಮೂಲವನ್ನು ಹುಡುಕಲು ಇಂಥ ಮಾಪಕ ಒದಗೀತು, ಸಾಕ್ಷಿಯಾಗಿ ನಿಲ್ಲದು.

ಆದ್ದರಿಂದ ಮೊದಲು ಪ್ರಶ್ನೆ, ಆಮೇಲೆ ಉಪಕರಣ. ಒಂದು ರಾತ್ರಿಯ ದುರ್ವಾಸನೆಯಲ್ಲೇನಿದೆ ಎಂಬುದು ಪ್ರಶ್ನೆಯಾದರೆ ಗಾಳಿಯನ್ನೇ ಹಿಡಿದಿಡುವ ನಿರ್ವಾತ ಉಕ್ಕಿನ ಕ್ಯಾನಿಸ್ಟರ್ ಸೂಕ್ತ; ಟೆಡ್ಲಾರ್ ಚೀಲ ಅಗ್ಗ, ಆದರೆ ಎರಡು ಮೂರು ದಿನಗಳೊಳಗೆ ಅದು ಪ್ರಯೋಗಾಲಯ ಮುಟ್ಟಬೇಕು. ವರ್ಷವಿಡೀ ಜನ ಉಸಿರಾಡುವುದೇನು ಎಂಬುದು ಪ್ರಶ್ನೆಯಾದರೆ ಪಂಪು, ವಿದ್ಯುತ್ತು ಬೇಡದ, ಒಂದೆರಡು ವಾರ ನೇತುಹಾಕಿಡುವ ಹೀರಿಕೆಯ ಕೊಳವೆಗಳು ಮೇಲು. ಪ್ರತಿ ಋತುವಿನಲ್ಲೂ ಅವುಗಳನ್ನಿಟ್ಟು ಪಡೆದ ಸರಾಸರಿಯನ್ನು ವಾರ್ಷಿಕ ಮಾನಕದೊಡನೆ ಹೋಲಿಸಬಹುದು. ಒಂದು ರಾತ್ರಿಯ ಮಾದರಿಗೆ ಆ ಯೋಗ್ಯತೆಯಿಲ್ಲ. ಬಿಡಿಮಾದರಿಗಳನ್ನು ಪಂಪಿನಿಂದ ಕೊಳವೆಗೆ ಎಳೆಯುವಾಗ ತೇವವನ್ನೂ ಹೀರುವ ಇದ್ದಿಲಿಗಿಂತ ಟೆನಾಕ್ಸ್ ತುಂಬಿದ ಕೊಳವೆ ಕೊಡಗಿನ ಹವೆಗೆ ಒಗ್ಗುತ್ತದೆ. ಆದರೆ ಯಾವುದನ್ನು ಕೊಳ್ಳುವ ಮೊದಲೂ ಅದನ್ನು ವಿಶ್ಲೇಷಿಸಬಲ್ಲ ಪ್ರಯೋಗಾಲಯ ಒಪ್ಪಿರಬೇಕು.

ಅಳತೆಯ ಜಗಳ ಎಂಥದೆಂಬುದಕ್ಕೆ ನೆರೆಯ ಕಾಸರಗೋಡು ಸಾಕ್ಷಿ. ಪಡ್ರೆಯ ಗೇರು ತೋಟಗಳ ಎಂಡೋಸಲ್ಫಾನ್ ಬಗ್ಗೆ 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ರಕ್ತ, ನೀರು, ಮಣ್ಣು ಮೊದಲಾದವುಗಳ ಫಲಿತಾಂಶ ಪ್ರಕಟಿಸಿತು. ತೋಟಗಾರಿಕಾ ನಿಗಮ ಮಾಡಿಸಿದ ಪರೀಕ್ಷೆ ಅದಕ್ಕೆ ವಿರುದ್ಧವಾಗಿ ನುಡಿಯಿತು. ದೇಶದಾದ್ಯಂತ ನಿಷೇಧ ಬರಲು 2011ರ ಸುಪ್ರೀಂ ಕೋರ್ಟಿನ ಆದೇಶದವರೆಗೆ ಕಾಯಬೇಕಾಯಿತು. ಇತ್ತ ತಮಿಳುನಾಡಿನ ಕಡಲೂರಿನಲ್ಲಿ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಹಳ್ಳಿಗರು 2004ರಲ್ಲಿ ಬಕೆಟ್ಟಿನೊಳಗೆ ಚೀಲವಿಟ್ಟು ಗಾಳಿ ಹಿಡಿದು ಅಮೆರಿಕದ ಪ್ರಯೋಗಾಲಯಕ್ಕೆ ಕಳುಹಿಸಿದರು. ಬಕೆಟ್ಟು ಸಾಧಾರಣದ್ದೇ, ಅದಕ್ಕೆ ಬೆಲೆ ತಂದದ್ದು ವಿಷಗಳನ್ನು ಹೆಸರಿಟ್ಟು ಹೇಳಿದ ವಿಶ್ಲೇಷಣೆ.

ಕೊಡಗಿನ ಶಾಲಾ ಕಾಲೇಜುಗಳ ವಿದ್ಯಾರ್ಥಿಗಳಿಂದ ಇದು ಸಾಧ್ಯವಾಗದ ಕೆಲಸವಲ್ಲ. ಹೊಗೆ ಬರುವ ದಿಕ್ಕಿನಲ್ಲೊಂದು, ಎದುರು ದಿಕ್ಕಿನಲ್ಲೊಂದು, ಕಾಡಿನೊಳಗೊಂದು ಕೊಳವೆ. ಜೊತೆಗೆ ತೆರೆಯದೆ ಮರಳಿಸುವ ಖಾಲಿ ಕೊಳವೆಯೊಂದು. ದಿನಾಂಕ, ವೇಳೆ, ಗಾಳಿ, ಮಳೆ ಬರೆದಿಟ್ಟ ಪುಸ್ತಕ. ಉಪಕರಣದ ಹಣ ಕೂಡುವ ಮುನ್ನವೇ ಆ ಪುಸ್ತಕ ಆರಂಭವಾಗಲಿ. ಯಾವ ದಿನ, ಯಾವ ಹೊತ್ತು, ಯಾವ ಮನೆಯಂಗಳಕ್ಕೆ ಹೊಗೆ ಬಂತು ಎಂಬ ದಾಖಲೆಯೇ ಕೊಳವೆಯನ್ನು ಎಲ್ಲಿ ನೇತುಹಾಕಬೇಕೆಂದು ಹೇಳುತ್ತದೆ.