ಆಪ್ತನಾರು?

'ಕೌನ್ಸೆಲಿಂಗ್' ಎಂಬುದಕ್ಕೆ ಕನ್ನಡದಲ್ಲಿ 'ಆಪ್ತಸಲಹೆ' ಎಂದೂ 'ಆಪ್ತಸಮಾಲೋಚನೆ' ಎಂದೂ ಎರಡು ಪದಗಳು ಬಳಕೆಯಲ್ಲಿವೆ. ಎರಡಕ್ಕೂ ಒಂದೇ ಅರ್ಥವೆಂದು ಭಾವಿಸುವುದು ವಾಡಿಕೆ. ಆದರೆ ಸಲಹೆಯು ಬಲ್ಲವನು ಅರಿಯದವನಿಗೆ ನೀಡುವಂಥದು. ಸಮಾಲೋಚನೆಯು ಇಬ್ಬರು ಕೂಡಿ ಆಲೋಚಿಸುವಂಥದು. ಶಾಲೆಗಳಿಗೆ ಆಪ್ತಸಮಾಲೋಚಕರು ಬೇಕೆಂಬ ಮಾತು ಪ್ರಬಲವಾಗಿರುವ ಈ ಕಾಲದಲ್ಲಿ ಈ ಭೇದವನ್ನು ಅರಿಯದೆ ಮುಂದುವರಿದರೆ, ಹೆಸರು ಮಾತ್ರ ಹೊಸದಾಗಿ ಉಪದೇಶವು ಹಳೆಯದೇ ಆಗಿ ಉಳಿದೀತು.

ಈ ಭೇದಕ್ಕೆ ಶಾಸ್ತ್ರದ ನೆಲೆಯನ್ನು ಒದಗಿಸಿದವರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ (1902-1987) ಪ್ರಮುಖರು. 1942 ಮತ್ತು 1951ರ ತಮ್ಮ ಗ್ರಂಥಗಳಲ್ಲಿ ಅವರು 'ರೋಗಿ' ಎಂಬ ಪದವನ್ನು ಬಿಟ್ಟು 'ಕ್ಲೈಂಟ್' ಎಂಬ ಪದವನ್ನು ನೆಲೆಗೊಳಿಸಿದರು. ಕನ್ನಡದಲ್ಲಿ ಕಕ್ಷಿದಾರನು ನ್ಯಾಯಾಲಯಕ್ಕೆ ಸೇರಿದವನು, ಗಿರಾಕಿಯು ಅಂಗಡಿಗೆ ಸೇರಿದವನು. ಇಲ್ಲಿ 'ಸಮಾಲೋಚನಾರ್ಥಿ' ಎಂದರೆ ಒಪ್ಪುತ್ತದೆ. ಸಮಾಲೋಚಕನಲ್ಲಿ ರೋಜರ್ಸರು ಮುಖ್ಯವಾಗಿ ಬಯಸಿದ್ದು ಮೂರು ಗುಣಗಳನ್ನು: ಒಳಹೊರಗು ಒಂದಾದ ನಡೆ, ಷರತ್ತಿಲ್ಲದ ಆದರ, ಎದುರಿಗಿರುವವನ ಅನುಭವವನ್ನು ಅವನ ಕಣ್ಣಿನಿಂದಲೇ ಕಾಣುವ ಸಹಾನುಭೂತಿ. ಇಂತಹ ಸನ್ನಿಧಿಯಲ್ಲಿ ಮನುಷ್ಯನು ತನ್ನ ದಾರಿಯನ್ನು ತಾನೇ ಕಂಡುಕೊಳ್ಳಬಲ್ಲನೆಂಬುದು ಅವರ ದೃಢವಾದ ನಂಬಿಕೆ. 1969ರ ಗ್ರಂಥವೊಂದರಲ್ಲಿ ಇದನ್ನು ಅವರು ತರಗತಿಗೂ ಅನ್ವಯಿಸಿದರು.

ತರ್ಕಶಾಸ್ತ್ರದಲ್ಲಿ ಯಥಾರ್ಥವನ್ನು ನುಡಿಯುವವನೇ ಆಪ್ತನು. ಅವನ ವಾಕ್ಯವೇ ಪ್ರಮಾಣ. ಹಾಗಾದರೆ ಆಪ್ತಸಮಾಲೋಚನೆಯಲ್ಲಿ ಆಪ್ತನಾರು? ಸಾಮಾನ್ಯವಾಗಿ ಸಮಾಲೋಚಕನೆಂದೇ ಎಲ್ಲರ ಎಣಿಕೆ. ರೋಜರ್ಸರ ತತ್ತ್ವವನ್ನು ಒಪ್ಪುವುದಾದರೆ, ತನ್ನ ಬಾಳಿನ ವಿಷಯದಲ್ಲಿ ಆ ಮಗುವೇ ಆಪ್ತ. "ಓದಲು ಮನಸ್ಸಾಗುತ್ತಿಲ್ಲ" ಎಂದ ವಿದ್ಯಾರ್ಥಿಗೆ ಒಡನೆಯೇ ವೇಳಾಪಟ್ಟಿ ಬರೆದುಕೊಡುವುದು ಸುಲಭ. ಆ ಮಾತಿನ ಹಿಂದೆ ಮನೆಯ ಸಾಲವಿದೆಯೋ, ಸಹಪಾಠಿಗಳ ಅಪಹಾಸ್ಯವಿದೆಯೋ, ಬದುಕೇ ಬೇಡವೆಂಬ ಭಾವವಿದೆಯೋ ಎಂಬುದು ಕೇಳುವವನಿಗಲ್ಲದೆ ಹೇಳುವವನಿಗೆ ತಿಳಿಯದು.

ಬೆಂಗಳೂರಿನ ಪೂರ್ವಭಾಗಕ್ಕೆ ಈ ವಿಚಾರ ಹೊಸದಲ್ಲ. 1964ರಲ್ಲಿ ಸ್ಥಾಪಿತವಾದ ಮೆಡಿಕೋ ಪಾಸ್ಟರಲ್ ಅಸೋಸಿಯೇಷನ್ ಫ್ರೇಜರ್ ಟೌನಿನ ಪಾಟರಿ ರಸ್ತೆಯಲ್ಲಿ ಮನೋರೋಗಿಗಳ ಪುನರ್ವಸತಿಗೆ ಶ್ರಮಿಸಿತು. 2002ರಲ್ಲಿ ಅದು ನಿಮ್ಹಾನ್ಸ್ ಹಾಗೂ ಬೆಂಗಳೂರು ಪೂರ್ವ ರೋಟರಿಯ ಸಹಯೋಗದಿಂದ 'ಸಹಾಯ್' ದೂರವಾಣಿ ಸೇವೆಯನ್ನು ಆರಂಭಿಸಿತು. ತರಬೇತಿ ಪಡೆದ ಸ್ವಯಂಸೇವಕರು ಸಂಕಟದಲ್ಲಿದ್ದವರ ಮಾತಿಗೆ ಕಿವಿಗೊಟ್ಟರು. ಇಂದಿರಾನಗರದಲ್ಲಿ ಬೆಳೆದ ಪರಿವರ್ತನ್ ಸಂಸ್ಥೆಯು ಸಮಾಲೋಚಕರನ್ನೇ ತರಬೇತುಗೊಳಿಸುತ್ತ ಬಂದಿದೆ. ಆದರೆ ಶಿವಾಜಿನಗರ, ಹಲಸೂರುಗಳ ಮಕ್ಕಳು ತಮಿಳು, ಉರ್ದು, ತೆಲುಗು, ಕನ್ನಡಗಳಲ್ಲಿ ಅಳುತ್ತಾರೆ, ಕೆ.ಆರ್. ಪುರದ ಕಡೆ ದುಡಿಯಲು ಬಂದವರ ಮಕ್ಕಳ ನುಡಿಯಲ್ಲಿ ಉತ್ತರ ಕರ್ನಾಟಕದ ಧಾಟಿಯಿರುತ್ತದೆ. ಇಂಗ್ಲಿಷಿನಲ್ಲಿ ಮಾತ್ರ ಪಳಗಿದ ಸಮಾಲೋಚಕನ ಸಹಾನುಭೂತಿ ಇವರ ಬಾಗಿಲಿನಲ್ಲಿಯೇ ನಿಂತುಬಿಡುತ್ತದೆ.

ಇದರಿಂದ ಗುರುವಿನ ಸ್ಥಾನ ಕುಗ್ಗದೇ ಎಂಬ ಶಂಕೆ ಏಳುವುದು ಸಹಜ. ಕುಗ್ಗಲಾರದು. ಹನ್ನೆರಡನೆಯ ಶತಮಾನದ ಶರಣರು ಅರಿವನ್ನೇ ಗುರುವೆಂದು ಬಗೆದರು. ಅಲ್ಲಮಪ್ರಭುಗಳ ಅಧ್ಯಕ್ಷತೆಯ ಅನುಭವ ಮಂಟಪದಲ್ಲಿ ಕಾಯಕಜೀವಿಗಳ ಸ್ವಾನುಭವಕ್ಕೂ ಸ್ಥಾನವಿತ್ತು. ಅಲ್ಲಿಯ ಗುರಿ ಲಿಂಗಾಂಗ ಸಾಮರಸ್ಯ, ರೋಜರ್ಸರ ಗುರಿ ವ್ಯಕ್ತಿತ್ವದ ವಿಕಾಸ; ಎರಡನ್ನೂ ಒಂದೆನ್ನುವುದು ಸಲ್ಲದು. ಆದರೆ ಅನುಭವಿಯ ಮಾತಿಗೆ ಬೆಲೆಯುಂಟೆಂಬುದು ಈ ನೆಲಕ್ಕೆ ಪರಕೀಯವಲ್ಲ.

ಆಲಿಸುವಿಕೆಗೂ ಎಲ್ಲೆಯುಂಟು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದರೆ 2012ರ ಪೋಕ್ಸೊ ಕಾಯಿದೆಯಂತೆ ವರದಿ ಮಾಡಲೇಬೇಕು. ಅಲ್ಲಿ ಗೋಪ್ಯತೆಯ ನೆಪ ನಡೆಯದು. ಆತ್ಮಹತ್ಯೆಯ ಮಾತು ಕೇಳಿಬಂದರೆ ವೈದ್ಯರ ನೆರವು ಅಗತ್ಯ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಯನ್ನು ಪ್ರತಿಯೊಬ್ಬ ಅಧ್ಯಾಪಕರೂ ತಿಳಿದಿರತಕ್ಕದ್ದು.

ಮಠಗಳ ಶಾಲೆಗಳಿಗೂ ಪ್ರಸಾದ ನಿಲಯಗಳಿಗೂ ದಾನಿಗಳು ಕೊಠಡಿಗಳನ್ನು ಕಟ್ಟಿಸಿಕೊಟ್ಟಿದ್ದಾರೆ. ಅವರ ಹೆಸರುಗಳು ಗೋಡೆಗಳ ಮೇಲೆ ರಾರಾಜಿಸುತ್ತಿವೆ. ಇನ್ನೊಂದು ಗೋಡೆಯೇಳುವ ಮೊದಲು, ಮಕ್ಕಳ ನುಡಿ ಬಲ್ಲ ಒಬ್ಬ ಸಮಾಲೋಚಕರ ವೇತನವನ್ನೂ ಅಧ್ಯಾಪಕರ ತರಬೇತಿಯ ವೆಚ್ಚವನ್ನೂ ವಹಿಸಿಕೊಳ್ಳುವ ದಾನಿಗಳು ಮುಂದೆ ಬರಬೇಕು. ಆ ದಾನಕ್ಕೆ ಶಿಲಾಫಲಕವಿರದು. ಹಳೆಯ ವಿದ್ಯಾರ್ಥಿಗಳು ತಮ್ಮ ಬಾಲ್ಯದಲ್ಲಿ ಯಾರಿಗೂ ಹೇಳಲಾಗದೆ ನುಂಗಿಕೊಂಡ ಮಾತುಗಳನ್ನು ಒಮ್ಮೆ ಸ್ಮರಿಸಿದರೆ, ಅದರ ಅಗತ್ಯವನ್ನು ಅವರಿಗೆ ಬೇರೆಯವರು ವಿವರಿಸಬೇಕಾಗಿಲ್ಲ.