ಸಿಂಕ್ ಮಾಡಿದ್ವಿ, ಪಬ್ಲಿಶ್ ಮಾಡಲಿಲ್ಲ

ಕಳೆದ ಸೆಮಿಸ್ಟರ್ ಮಿನಿ ಪ್ರಾಜೆಕ್ಟ್‌ಗೆ ನಾವು ಐದು ಜನ ಸೇರಿ ಮೂರು ಮಹಡಿಯ ಒಂದು ಗ್ರಂಥಾಲಯದ ವಿನ್ಯಾಸ ತಗೊಂಡಿದ್ವಿ. ಮಾಡೆಲ್ ರೆವಿಟ್‌ನಲ್ಲಿ, ಪ್ರಾಜೆಕ್ಟ್ ಕ್ಲೌಡ್‌ನಲ್ಲಿ. ಮೂವರು ಮಾಡೆಲ್ ಮಾಡೋರು. ಇಬ್ಬರು ಅದನ್ನ ಬ್ರೌಸರ್‌ನಲ್ಲಿ ತೆರೆದು ಕಾಂಕ್ರೀಟು, ಉಕ್ಕಿನ ಲೆಕ್ಕ ಹಾಕೋರು. ರಿವ್ಯೂಗೆ ನಾಲ್ಕು ದಿನ ಇರುವಾಗ ಮೆಟ್ಟಿಲಿನ ಜಾಗ ಬದಲಾಯ್ತು, ಜೊತೆಗೆ ಎರಡು ಕಂಬಗಳೂ ಸರಿದವು. ದಿನಾ ರಾತ್ರಿ ಸಿಂಕ್ ಒತ್ತಿ ನೆಮ್ಮದಿಯಾಗಿ ಮಲಗಿದ್ವಿ.

ರಿವ್ಯೂ ದಿನ ಗೈಡ್ ಕೇಳಿದ ಮೊದಲ ಪ್ರಶ್ನೆ: "ಡ್ರಾಯಿಂಗ್, ಎಸ್ಟಿಮೇಟ್ ಎರಡೂ ಒಂದೇ ಕಟ್ಟಡದ್ದಾ?"

ಅಲ್ಲ ಅನ್ನೋದು ಅಲ್ಲೇ ಗೊತ್ತಾಯ್ತು. ಲೆಕ್ಕ ಹಾಕಿದವರು ನೋಡ್ತಾ ಇದ್ದದ್ದು ಹಳೇ ಮಾಡೆಲ್. ತಪ್ಪು ಅವರದ್ದೂ ಅಲ್ಲ, ಸಾಫ್ಟ್‌ವೇರ್‌ದೂ ಅಲ್ಲ. ಸಿಂಕ್ ಮಾಡಿದರೆ ನಮ್ಮ ಬದಲಾವಣೆ ಕ್ಲೌಡ್‌ನಲ್ಲಿರುವ ಸೆಂಟ್ರಲ್ ಮಾಡೆಲ್‌ಗೆ ಸೇರುತ್ತೆ, ಅಷ್ಟೇ. ರೆವಿಟ್ ತೆರೆದವರಿಗೆ ಅದು ಸಿಗುತ್ತೆ. ಬ್ರೌಸರ್‌ನಲ್ಲಿ ನೋಡುವವರಿಗೆ ಕಾಣೋದು ಕೊನೇ ಸಲ ಪಬ್ಲಿಶ್ ಮಾಡಿದ ಆವೃತ್ತಿ ಮಾತ್ರ. ಅದರಲ್ಲೂ ಪಬ್ಲಿಶ್ ಸೆಟ್ಟಿಂಗ್ಸ್‌ನಲ್ಲಿ ನಾವು ಆರಿಸಿದ ಶೀಟುಗಳು, ವ್ಯೂಗಳಷ್ಟೇ ಹೋಗುತ್ತವೆ. ಹೊಸ ಶೀಟು ಮಾಡಿ ಆ ಪಟ್ಟಿಗೆ ಸೇರಿಸದಿದ್ದರೆ ಅದು ಇದ್ದೂ ಇಲ್ಲದಂತೆ.

"ಎರಡೆರಡು ಬಟನ್ ಯಾಕೆ? ಸಿಂಕ್ ಆದ ಕೂಡಲೇ ಎಲ್ಲರಿಗೂ ಕಾಣಿಸಿದರೆ ಆಗಲ್ವಾ?" ಅಂತ ನಾವೂ ಮೊದಲು ಬೈಕೊಂಡ್ವಿ. ಆದರೆ ಯೋಚಿಸಿ ನೋಡಿ. ರಾತ್ರಿ ಹನ್ನೊಂದಕ್ಕೆ ಅರ್ಧ ಕಂಬ ಅಳಿಸಿ ಸಿಂಕ್ ಮಾಡಿದ ಮಾಡೆಲ್ ನೋಡಿ ಯಾರಾದ್ರೂ ಉಕ್ಕಿನ ಲೆಕ್ಕ ಹಾಕಿದರೆ ಏನು ಗತಿ? ಅರೆಬೆಂದ ಅನ್ನವನ್ನ ಯಾರೂ ಎಲೆಗೆ ಬಡಿಸಲ್ಲ. 2018ರಲ್ಲಿ ಬಂದ ಐಎಸ್ಒ 19650 ಮಾನದಂಡ ಹೇಳೋದೂ ಇದನ್ನೇ. ಅದರ ಪ್ರಕಾರ ಪ್ರಾಜೆಕ್ಟಿನ ಮಾಹಿತಿಗೆ ನಾಲ್ಕು ಸ್ಥಿತಿ: ಕೆಲಸ ನಡೀತಿರೋದು, ಬೇರೆ ತಂಡಗಳ ಜೊತೆ ಹಂಚಿಕೊಂಡದ್ದು, ಒಪ್ಪಿಗೆ ಪಡೆದು ಪ್ರಕಟವಾದದ್ದು, ದಾಖಲೆಗೆ ಸೇರಿದ್ದು. ಒಂದರಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಯಾರಾದರೂ ಪರಿಶೀಲಿಸಿ ಒಪ್ಪಬೇಕು. ರೆವಿಟ್‌ನ ಪಬ್ಲಿಶ್ ಬಟನ್ ಒತ್ತಿದ ತಕ್ಷಣ ಈ ಒಪ್ಪಿಗೆ ತಾನಾಗೇ ಬಂದುಬಿಡಲ್ಲ. "ಇದನ್ನ ನಂಬಿ ನೀವು ಮುಂದಿನ ಕೆಲಸ ಮಾಡಬಹುದು" ಅನ್ನೋ ಮಾತನ್ನ ಮನುಷ್ಯರೇ ಕೊಡಬೇಕು.

ನಮ್ಮ ತಕರಾರು ಇರೋದು ಇಲ್ಲಿ. ಲ್ಯಾಬ್‌ನಲ್ಲಿ ಗೋಡೆ ಎಬ್ಬಿಸೋದು, ಕಿಟಕಿ ಕೂರಿಸೋದು, ರೆಂಡರ್ ತೆಗೆಯೋದು ಎಲ್ಲಾ ಕಲಿಸ್ತಾರೆ. ಆ ಮಾಡೆಲ್ ಇನ್ನೊಬ್ಬರ ಕೈಗೆ ಹೇಗೆ, ಯಾವಾಗ, ಯಾರ ಒಪ್ಪಿಗೆಯಿಂದ ಹೋಗಬೇಕು ಅನ್ನೋದಕ್ಕೆ ಒಂದು ಅಂಕವೂ ಇಲ್ಲ. ಹಾಗಾಗಿ ನಾವು ಇನ್ನೂ "ಫೈನಲ್", "ಫೈನಲ್ 2", "ಇದೇ ಫೈನಲ್" ಅಂತ ವಾಟ್ಸಾಪ್‌ನಲ್ಲಿ ಫೈಲ್ ಎಸೆದಾಡ್ತಾ ಇದ್ದೀವಿ. ನಮಗೆ ಹೋಗಿದ್ದು ಬರೀ ಅಂಕ. ಸೈಟ್‌ನಲ್ಲಾದರೆ ಹಳೇ ಡ್ರಾಯಿಂಗ್ ನೋಡಿ ಸೆಂಟ್ರಿಂಗ್ ಹಾಕಿ, ಕಂಬಿ ಕಟ್ಟಿ, ಕಾಂಕ್ರೀಟ್ ಸುರಿದಿರ್ತಾರೆ. ಅದಕ್ಕೆ ಕಂಟ್ರೋಲ್ ಝಡ್ ಇಲ್ಲ.

ಸಿಲಬಸ್ ಬದಲಾಗೋವರೆಗೆ ಕಾಯಬೇಕಿಲ್ಲ. ಈ ಸೆಮಿಸ್ಟರ್ ನಾವು ಮೂರು ನಿಯಮ ಹಾಕ್ಕೊಂಡಿದ್ದೀವಿ. ಪಬ್ಲಿಶ್ ಮಾಡೋ ಹೊಣೆ ಒಬ್ಬರದ್ದೇ, ಆದರೆ ಅದಕ್ಕೂ ಮುಂಚೆ ಇನ್ನೊಬ್ಬರು ಮಾಡೆಲ್ ನೋಡಿರಬೇಕು. ಏನು ಬದಲಾಯ್ತು ಅಂತ ಎರಡು ಸಾಲು ಬರೆದು ಇಡೀ ತಂಡಕ್ಕೆ ಕಳಿಸಬೇಕು. ಲೆಕ್ಕ ಹಾಕೋರು ತಮ್ಮ ಹಾಳೆಯ ಮೇಲೆ ಯಾವ ಆವೃತ್ತಿ ನೋಡಿದ್ದು ಅಂತ ಬರೀಬೇಕು. ಮೂರಕ್ಕೂ ಸೇರಿ ಹತ್ತು ನಿಮಿಷ ಸಾಕು. ಗೈಡ್‌ಗಳಲ್ಲಿ ನಮ್ಮ ವಿನಂತಿ ಇಷ್ಟೇ: ರಿವ್ಯೂನಲ್ಲಿ ರೆಂಡರ್ ನೋಡೋ ಮುಂಚೆ ಆವೃತ್ತಿಗಳ ಪಟ್ಟಿ ತೋರಿಸಿ ಅನ್ನಿ. ಒಂದೇ ಒಂದು ಸಲ ಕೇಳಿ ನೋಡಿ, ಮುಂದಿನ ರಿವ್ಯೂಗೆ ಇಡೀ ಕ್ಲಾಸು ಸರಿಹೋಗಿರುತ್ತೆ.