ಊರಿನ ವಿಮಾನಕ್ಕೆ ಒಂದೇ ಚೀಲ ಸಾಕು



ಮುಂಬಯಿಯಿಂದ ಮಂಗಳೂರಿಗೆ ವಿಮಾನದಲ್ಲಿ ಹೋಗಿಬರುವ ಠಾಣೆ, ಡೊಂಬಿವಲಿ, ಕಲ್ಯಾಣದ ಕನ್ನಡಿಗರು ಏಳು ಕಿಲೋ ಮಿತಿಯ ಒಂದೇ ಕೈಚೀಲದಲ್ಲಿ ಪ್ರಯಾಣ ಮುಗಿಸುವುದು ಲೇಸು. ಹಾರಾಟಕ್ಕೆ ಹಿಡಿಯುವುದು ಸುಮಾರು ಒಂದೂವರೆ ಗಂಟೆ. ಹೊತ್ತು ತಿನ್ನುವುದು ಮನೆಯಿಂದ ವಿಮಾನ ನಿಲ್ದಾಣದವರೆಗಿನ ದಾರಿ. ಬೆನ್ನಿಗೊಂದೇ ಚೀಲವಿದ್ದರೆ ಲೋಕಲ್‌ನಲ್ಲಿ ಘಾಟ್ಕೋಪರ್‌ಗೆ ಬಂದು, ಮೆಟ್ರೊ ಹತ್ತಿ, ಮರೋಳ್ ನಾಕಾದಲ್ಲಿ ಬದಲಿಸಿ, 2024ರ ಅಕ್ಟೋಬರ್‌ನಲ್ಲಿ ಶುರುವಾದ ಭೂಗತ ಮಾರ್ಗದಲ್ಲಿ ಮುಂಬಯಿ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ ತಲುಪಬಹುದು. ದೊಡ್ಡ ಸೂಟ್‌ಕೇಸ್ ಹಿಡಿದವರಿಗೆ ಜನಜಂಗುಳಿಯ ಲೋಕಲ್ ದೂರದ ಮಾತು, ಟ್ಯಾಕ್ಸಿಯೇ ಗತಿ. 2025ರ ಡಿಸೆಂಬರ್‌ನಲ್ಲಿ ನವಿ ಮುಂಬಯಿ ವಿಮಾನ ನಿಲ್ದಾಣದಿಂದ ಹಾರಾಟ ಆರಂಭವಾಗಿ ಕೆಲವರಿಗೆ ದೂರ ತಗ್ಗಿದೆ, ನಿಜ. ಆದರೆ ಅಲ್ಲಿಗೂ ರೈಲು, ಬಸ್ಸು ಬದಲಿಸಿ ಹೋಗುವವರಿಗೆ ಹಗುರ ಚೀಲವೇ ಅನುಕೂಲ.

ಟಿಕೆಟ್ಟಿನಲ್ಲೇ ಹದಿನೈದು ಕಿಲೋ ಲಗೇಜು ಸಿಗುವಾಗ ಬಿಡುವುದೇಕೆ ಎಂದು ಕೇಳುವವರಿದ್ದಾರೆ. ಆ ಹದಿನೈದು ಕಿಲೋಗೆ ಟ್ಯಾಕ್ಸಿ ಬಾಡಿಗೆ, ಕೌಂಟರಿನ ಸಾಲು, ಇಳಿದ ಮೇಲೆ ಬೆಲ್ಟಿನ ಮುಂದಿನ ಕಾಯುವಿಕೆ ಸೇರಿಸಿದರೆ ಅದು ಪುಕ್ಕಟೆಯಲ್ಲ. ಊರಿನ ಕುಚ್ಚಲಕ್ಕಿ, ಹಪ್ಪಳ ತರುವುದು ಬೇಡವೇ ಎಂಬ ಪ್ರಶ್ನೆಯೂ ಬರುತ್ತದೆ. ಅವು ಈಗ ನಮ್ಮ ಉಪನಗರಗಳ ಮಂಗಳೂರು ಸ್ಟೋರುಗಳಲ್ಲೇ ದೊರೆಯುತ್ತವೆ. ಕೂಸು, ವೃದ್ಧರು, ಮದುವೆಯ ಸೀರೆಗಳೊಂದಿಗೆ ಹೊರಟ ಕುಟುಂಬಕ್ಕೆ ಈ ನಿಯಮ ಹೇರುವುದು ತರವಲ್ಲ. ಅಂಥವರಿಗೆ ಠಾಣೆ, ಪನ್ವೇಲ್‌ಗಳಲ್ಲಿ ನಿಲ್ಲುವ ಮತ್ಸ್ಯಗಂಧ ರೈಲಿದೆ. ಆದರೆ ಎರಡು ದಿನದ ಪೂಜೆಗೋ ಕೋಲಕ್ಕೋ ಒಬ್ಬರೇ ಹೋಗುವವರು ಎರಡು ಜೊತೆ ಬಟ್ಟೆ, ಔಷಧಿ, ಕಾಗದಪತ್ರ ಇಟ್ಟುಕೊಂಡು ಮನೆಯಲ್ಲೇ ಚೀಲ ತೂಗಿ ಹೊರಟರೆ ಹಣ, ಸಮಯ ಎರಡೂ ಉಳಿಯುತ್ತವೆ.

– ಓರ್ವ ಓದುಗ, ಡೊಂಬಿವಲಿ